ಖಾಲಿ ಕೈಯವನಿಗೆ ಡಬ್ಬ

ಹೊನ್ನಾವರದಿಂದ ಕಾಸರಕೋಡಿಗೆ ಹೊರಟ ದೋಣಿಯೊಳಗೆ ನಡುಹೊಳೆಯಲ್ಲಿ ನೀರು ನುಗ್ಗಿತು. ಆಗಿನ್ನೂ ಶರಾವತಿಗೆ ಸೇತುವೆ ಇರಲಿಲ್ಲ. ದೋಣಿ ಹತ್ತಿದ್ದ ನಮ್ಮ ಮೂವರಿಗೂ ಈಜು ಬರುತ್ತಿರಲಿಲ್ಲ. ಭಟ್ಟರು ಕೈಮುಗಿದು ಇಡಗುಂಜಿ ಗಣಪತಿಯನ್ನು ಕರೆದರು. ಭಟ್ಕಳದ ಜವಳಿ ಸಾಹೇಬರು ಅಂಗೈ ಬಿಡಿಸಿ ಅಲ್ಲಾಹನನ್ನು ಕರೆದರು.

"ಮಾಸ್ತರ್ರೇ, ನಿಮ್ಮ ದೇವರು ಎಂತದು?" ಎಂದ ಅಂಬಿಗ.

"ಒಂದು ಶಕ್ತಿ ಇದೆ. ಅದಕ್ಕೆ ಗುಡಿಯಿಲ್ಲ, ಹೆಸರಿಲ್ಲ," ಎಂದೆ.

"ಆತು. ಹಾಗಾರೆ ನಿಮ್ಮ ಕೈ ಖಾಲಿ ಉಂಟಲ್ಲ. ಈ ಡಬ್ಬ ಹಿಡೀರಿ, ನೀರು ಚೆಲ್ಲಿ."

ಇಪ್ಪತ್ತು ಡಬ್ಬ ಚೆಲ್ಲಿದೆನೋ ಇನ್ನೂರೋ. ಹೇಳಿದಾಗಲೆಲ್ಲ ಲೆಕ್ಕ ಏರುತ್ತಿದೆ, ನಂಬಬೇಡಿ. ದೋಣಿಯಂತೂ ದಡ ಮುಟ್ಟಿತು. ಇಬ್ಬರೂ ತಂತಮ್ಮ ದೇವರೇ ಉಳಿಸಿದನೆಂದು ಹೇಳಿಕೊಳ್ಳುತ್ತ ಹೋದರು.

ನನ್ನತ್ತ ಯಾರೂ ತಿರುಗಿ ನೋಡಲಿಲ್ಲ. ಹೆಸರಿಲ್ಲದ ಆ ಶಕ್ತಿಗೂ ದಿನವೂ ಹೀಗೇ ಆಗುತ್ತಿರಬೇಕು ಅನ್ನಿಸಿ, ಮೊದಲ ಸಲ ಅದರ ಮೇಲೆ ಮರುಕ ಬಂತು.