ಮೊಲಗಳಿಗೆ ಚೆಲ್ಲಿದ ಕ್ಯಾರೆಟ್

ಪ್ರಾಣಿಶಾಸ್ತ್ರ ಓದಿದ ನನಗೆ ಅಡಿಲೇಡಿನಲ್ಲಿ ಸಿಕ್ಕಿದ್ದು ಮೊಲ ಕೊಲ್ಲುವ ಕೆಲಸ. ಗಂಡ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯ ಕೆಲಸಕ್ಕೆ ಹೊರಟರೆ ನಾನು ಊರಾಚೆಯ ದ್ರಾಕ್ಷಿ ತೋಟಗಳಿಗೆ ಹೊರಡುತ್ತಿದ್ದೆ. ಸಂಜೆ ಕಾರಿನಲ್ಲಿ ಕೂತು ಯಾವ ಬಿಲದಿಂದ ಎಷ್ಟು ಮೊಲ ಹೊರಬರುತ್ತವೆಂದು ನೋಡುವುದು, ಆಮೇಲೆ ವಿಷ ಇಡುವುದು, ಕೊನೆಗೆ ಬಿಲಗಳನ್ನೆಲ್ಲ ಅಗೆಸಿ ಮುಚ್ಚಿಸುವುದು. ಕೆಲವೇ ತಿಂಗಳಲ್ಲಿ ಅದೇ ದಿಬ್ಬದ ಮೇಲೆ ಹೊಸ ಮಣ್ಣು ಬಿದ್ದಿರುತ್ತಿತ್ತು. ಮತ್ತೆ ಮೊದಲಿಂದ ಶುರು. ಬರಬರುತ್ತಾ ನನಗೆ ಮೊಲಗಳ ಮೇಲೆ ಸಿಟ್ಟೂ ಉಳಿಯಲಿಲ್ಲ, ಕನಿಕರವೂ ಉಳಿಯಲಿಲ್ಲ. ಸಾಕಾಗಿಹೋಗಿತ್ತು, ಅಷ್ಟೇ.

ಅಂಥ ಹೊತ್ತಿನಲ್ಲಿ ಅತ್ತೆ ಮೈಸೂರಿನಿಂದ ಬಂದರು. ಮದುವೆಯಾದಾಗಿನಿಂದ ನಮ್ಮಿಬ್ಬರ ಮಾತು 'ಊಟ ಆಯ್ತಾ' ದಾಟಿ ಹೋಗಿರಲಿಲ್ಲ. ನನ್ನದು ಪ್ರಾಣಿಗಳ ಆಫೀಸು ಎಂದಷ್ಟೇ ನನ್ನ ಗಂಡ ಅವರಿಗೆ ಹೇಳಿದ್ದರು. ಮನೆಯಲ್ಲಿ ಒಬ್ಬರೇ ಕೂತು ಬೇಜಾರಾಗಿ ಅತ್ತೆ ಒಂದು ದಿನ ನನ್ನ ಜೊತೆ ಹೊರಟುಬಂದರು. ಅವತ್ತಿನ ಕೆಲಸ ಬರೀ ಕ್ಯಾರೆಟ್ ಚೂರು ಚೆಲ್ಲುವುದು. ಅತ್ತೆ ಸೆರಗು ಸಿಕ್ಕಿಸಿ, ನನ್ನ ಕೈಯಿಂದ ಬಕೆಟ್ ಕಿತ್ತುಕೊಂಡು ತಾವೇ ಚೆಲ್ಲಿದರು. ಸಂಜೆ ಮೊಲಗಳು ಬಂದು ತಿನ್ನುವುದನ್ನು ಕಾರಿನಿಂದಲೇ ನೋಡಿ, ಫೋಟೊ ತೆಗೆದು ತಂಗಿಗೆ ವಾಟ್ಸಾಪ್ ಮಾಡಿದರು.

"ಇಷ್ಟು ಪುಣ್ಯದ ಕೆಲ್ಸ ಮಾಡ್ತೀಯ, ಒಂದ್ ದಿನಾನೂ ಹೇಳ್ಲೇ ಇಲ್ವಲ್ಲೇ!" ಎಂದು ನನ್ನ ಭುಜದ ಮೇಲೆ ಕೈಯಿಟ್ಟರು.

ಅವರು ನನ್ನನ್ನು ಹಾಗೆ ಮುಟ್ಟಿದ್ದು ಅದೇ ಮೊದಲು. ಎಷ್ಟು ಹಿತವಾಯಿತೆಂದರೆ ನಿಜ ಹೇಳುವುದನ್ನು ಮುಂದಕ್ಕೆ ಹಾಕಿದೆ. ಮುಂದಿನ ಸಲವೂ ಬಂದರು. ದಾರಿಯುದ್ದಕ್ಕೂ ತಮ್ಮ ಅತ್ತೆಯ ಕಾಟವನ್ನೆಲ್ಲ ಹೇಳಿಕೊಂಡು ನಕ್ಕರು.

ಮೂರನೆಯ ಸಲ ಹೊರಡುವಾಗ "ಇವತ್ತು ಬೇಡ ಅತ್ತೆ" ಅಂದೆ. ಅವರಾಗಲೇ ಮನೆಯ ಕ್ಯಾರೆಟ್ಟನ್ನೆಲ್ಲ ಪಲ್ಯಕ್ಕೆ ಹೆಚ್ಚುವ ಹಾಗೆ ಹೆಚ್ಚಿ, ಡಬ್ಬಿಗೆ ತುಂಬಿ, ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಆ ಡಬ್ಬಿ ನೋಡಿದ ಮೇಲೆ ನಿಜ ಮುಚ್ಚಿಡಲು ಆಗಲಿಲ್ಲ.

"ಇವತ್ತು ಹಾಕೋದ್ರಲ್ಲಿ ವಿಷ ಇರುತ್ತೆ ಅತ್ತೆ. ಮೊದ್ಲು ಎರಡು ಸಲ ಬರೀ ಕ್ಯಾರೆಟ್ ಹಾಕಿ ಅಭ್ಯಾಸ ಮಾಡಿಸ್ತೀವಿ. ಇಲ್ದಿದ್ರೆ ಅವು ಮುಟ್ಟಲ್ಲ. ಅವನ್ನ ಹಾಗೇ ಬಿಟ್ರೆ ತೋಟಾನೇ ಉಳಿಸಲ್ಲ."

ಅತ್ತೆ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ.

"ಸಾಯಿಸೋದು ನಿನ್ನ ಕೆಲ್ಸ, ಸರಿ, ಹೊಟ್ಟೆಪಾಡು. ನಂಬಿಸೋದಕ್ಕೆ ನನ್ನ ಕೈ ಯಾಕೆ ಬೇಕಾಗಿತ್ತು?"

ಚಪ್ಪಲಿ ಬಿಚ್ಚಿ ಒಳಗೆ ಹೋದರು. ನಾನು ಒಬ್ಬಳೇ ಹೋಗಿ ವಿಷ ಚೆಲ್ಲಿದೆ. ಮೊಲಗಳು ಎಂದಿಗಿಂತ ಬೇಗ ಬಂದವು.

ಮುನಿಸು ಇಳಿಯಲೆಂದು ಆ ವಾರವೆಲ್ಲ ಅತ್ತೆಗೆ ಇಷ್ಟವಾದದ್ದನ್ನೇ ಮಾಡಿದೆ. ಒಂದು ದಿನ ಬಿಸಿಬೇಳೆಬಾತ್, ಇನ್ನೊಂದು ದಿನ ಶಾವಿಗೆ ಪಾಯಸ. ಉಂಡು, ತಟ್ಟೆ ತಾವೇ ತೊಳೆದಿಟ್ಟು ಕೋಣೆಗೆ ಹೋದರು. ಭಾನುವಾರ ಒಬ್ಬಟ್ಟು ಮಾಡಿ, ತುಪ್ಪ ಹಾಕಿ, "ಇನ್ನೊಂದು ಹಾಕಿಸ್ಕೊಳ್ಳಿ ಅತ್ತೆ" ಅಂದೆ.

ತಟ್ಟೆಗೆ ಕೈ ಅಡ್ಡ ಹಿಡಿದು ನನ್ನ ಮುಖವನ್ನೇ ನೋಡಿದರು.

"ಇದು ಎಷ್ಟನೇ ಸಲದ್ದಮ್ಮಾ?"

ತಮಾಷೆಗೆ ಇರಬಹುದು, ಈಗ ನಗುತ್ತಾರೆ ಎಂದು ಒಬ್ಬಟ್ಟು ಹಿಡಿದುಕೊಂಡೇ ಕಾದೆ. ಅವರು ನಗಲಿಲ್ಲ.