ಹನುಮಕ್ಕ ಆರಿಸಿ ತಂದ ಬಾಡು

ಹನುಮಕ್ಕ ಹದಿನೆಂಟು ವರ್ಷಗಳಿಂದ ದೊಡ್ಡೇರಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು. ಶಾಲೆಯಲ್ಲಿ ಬೇಳೆಸಾರು, ಊರಿನಲ್ಲಿ ಬಾಡಿನ ಸಾರು. ಯಾರ ಮನೆಯಲ್ಲಿ ನಾಮಕರಣವಾದರೂ ಮಸಾಲೆಯ ಹದಕ್ಕೆ ಅವಳನ್ನೇ ಕರೆಯುತ್ತಿದ್ದರು. ಆದರೆ ಐವತ್ತೆರಡು ತುಂಬಿದರೂ ಅವಳು ಒಮ್ಮೆಯೂ ಮಾಂಸದ ಅಂಗಡಿಯ ಮುಂದೆ ನಿಂತವಳಲ್ಲ. ಊರಿನ ಗಂಡಸರು ಸೇರಿ ಕುರಿ ಕೊಯ್ದು, ಗುಡ್ಡೆ ಹಾಕಿ, ಪಾಲು ಹಂಚಿಕೊಳ್ಳುವುದು ಮೊದಲಿನಿಂದ ಬಂದ ರೂಢಿ. ಗಂಡ ಸಂಜೀವಯ್ಯ ತಂದ ಪಾಲಿನಲ್ಲಿ ಬರೀ ಮೂಳೆಯಿದ್ದರೂ ಅವಳು ತುಟಿ ಬಿಚ್ಚದೆ ಒಲೆಗೆ ಇಡುತ್ತಿದ್ದಳು.

ಈ ಸಲ ಯುಗಾದಿಗೆ ನಾಲ್ಕು ದಿನವಿದೆ ಎನ್ನುವಾಗ ಸಂಜೀವಯ್ಯ ಕಾಲು ಉಳುಕಿಸಿಕೊಂಡು ಮಲಗಿಬಿಟ್ಟ. ಪಾಲಿಗೆ ಹೆಸರು ಕೊಡುವುದು ಮರೆತೇಹೋಯಿತು. ಹಬ್ಬದ ಸಂಜೆ ಯಾರನ್ನೋ ಕಳಿಸಿ ಕೇಳಿದರೆ ಒಂದು ಪಾಲೂ ಉಳಿದಿರಲಿಲ್ಲ. ಬೆಳಗಾದರೆ ವರ್ಷತೊಡಕು, ಊರಿಗೆಲ್ಲ ಬಾಡೂಟ. ಅವರ ಮನೆಗೆ ಮಗಳ ಜೊತೆ ಹೊಸ ಅಳಿಯ ಮೋಹನ್ ಕುಮಾರ್ ಬೇರೆ ಬರುವವನಿದ್ದ.

“ಯಾರ್ನಾದ್ರೂ ಮಧುಗಿರಿಗೆ ಕಳ್ಸಾನ ಬುಡು,” ಎಂದ ಸಂಜೀವಯ್ಯ.

“ಯಾರೂ ಬ್ಯಾಡ. ನಾನೇ ಹೋಗಿ ತತ್ತೀನಿ.” ಹಾಗೆಂದವಳೇ ಹನುಮಕ್ಕ ಡಬ್ಬಿ ತೊಳೆದಿಡಲು ಎದ್ದಳು.

“ಬಾಡು ಆರ್ಸಾಕೆ ನಿಂಗೆ ಹೆಂಗ್ ಗೊತ್ತಾಯ್ತದೆ?”

“ಬೇಯ್ಸಾಕೆ ಗೊತ್ತಿರೋಳ್ಗೆ ಆರ್ಸಾಕೆ ಗೊತ್ತಾಗಲ್ವಾ?”

ಬೆಳಗಾಗುತ್ತಲೇ ಮೊದಲ ಬಸ್ಸು ಹತ್ತಿದಳು. ಕೈಯಲ್ಲಿ ಸ್ಟೀಲ್ ಡಬ್ಬಿ, ಮೈಮೇಲೆ ಹಬ್ಬಕ್ಕೆಂದು ಕೊಂಡ ಸೀರೆ. ಮಧುಗಿರಿಯಲ್ಲಿ ನಿಯಾಜ್ ಅಹಮದರ ಮಾಂಸದ ಅಂಗಡಿಯ ಮುಂದೆ ಆಗಲೇ ಉದ್ದನೆಯ ಸಾಲು, ಎಲ್ಲರೂ ಗಂಡಸರೇ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳೂ ನಿಂತಳು. ಒಳಗೆ ಕತ್ತಿಯ ಸದ್ದು ಟಕಟಕ ಕೇಳುತ್ತಿತ್ತು. ಸಾಲು ಒಂದೊಂದು ಹೆಜ್ಜೆ ಮುಂದೆ ಸರಿದಂತೆ ಅವಳಿಗೆ ನಗು ಬರುವಂತಾಗುತ್ತಿತ್ತು, ಯಾಕೆಂದು ಅವಳಿಗೂ ತಿಳಿಯದು.

ಅವಳ ಸರದಿ ಬಂತು. ತಕ್ಕಡಿಯ ಹತ್ತಿರ ಕೂತಿದ್ದ ನಿಯಾಜರ ಮಗಳು ನಾಹಿದಾ ಕೇಳಿದಳು: “ಎಷ್ಟು ಬೇಕು ಆಂಟಿ? ಎಲ್ಲಾ ಮಿಕ್ಸ್ ಹಾಕ್ಸ್ಲಾ?”

ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದ ಮಾತೆಲ್ಲ ಮರೆತು, ಹನುಮಕ್ಕ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು. ಹಿಂದಿದ್ದವನು “ಬೇಗ ಹೇಳಮ್ಮೋ” ಎಂದ. ಅಷ್ಟರಲ್ಲಿ ಅವಳ ಕಣ್ಣು ಗಾಜಿನಾಚೆ ನೇತುಹಾಕಿದ್ದ ಮಾಂಸದ ಮೇಲೆ ಬಿತ್ತು. ಅಳುಕು ಹೋಯಿತು.

“ಮಿಕ್ಸ್ ಬ್ಯಾಡ ಕಣಮ್ಮ. ಸಾರಿಗೆ ಮುಂಗಾಲಿಂದು ಒಂದು ಕೆಜಿ, ಮೂಳೆ ಜೊತೇಲೇ ಇರ್ಲಿ. ಪಕ್ಕೆದು ಅರ್ಧ. ಆದ್ರೆ ಇದ್ರದ್ದಲ್ಲ, ಇದು ಬಲ್ತಿರೋ ಕುರಿ.”

ನಿಯಾಜರ ಕತ್ತಿ ನಿಂತಿತು. “ಹೆಂಗ್ ಹೇಳ್ತೀರಮ್ಮ?”

“ಕೊಬ್ಬು ಹಳದಿಗೆ ತಿರುಗೈತೆ ನೋಡಿ ಸಾಬ್ರೆ. ಎಳೇದಾದ್ರೆ ಬೆಳ್ಳಗಿರ್ತದೆ.”

ನಿಯಾಜ್ ಗಡ್ಡದೊಳಗೇ ನಕ್ಕರು. ಒಳಗೆ ಹೋಗಿ ಇನ್ನೊಂದು ಮುಂಗಾಲು ತಂದು ಅವಳ ಮುಂದೆ ಹಿಡಿದರು. ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಕುಳಿ ತಟ್ಟನೆ ಮೇಲೆದ್ದಿತು. “ಹಾಂ, ಇದು!” ಎಂದು ಅವಳು ಕೂಗಿದ್ದು ರಸ್ತೆಯಾಚೆಗೂ ಕೇಳಿಸಿರಬೇಕು.

ಅವಸರ ಮಾಡುತ್ತಿದ್ದವನೇ ಮೊದಲು ಹೇಳಿದ: “ನಮ್ಗೂ ಅದ್ರಲ್ಲೇ ಹಾಕಿ.” ಇನ್ನೊಬ್ಬ “ಅಕ್ಕ, ಬಿರಿಯಾನಿಗೆ ಯಾವ್ದು ಚೆಂದ?” ಎಂದ. ಮತ್ತೊಬ್ಬನಿಗೆ ಕೈಮಾ ಉಂಡೆಗೆ ಎಲ್ಲಿಯದು ಬೇಕೆಂದು ತಿಳಿಯಬೇಕಿತ್ತು. ಡಬ್ಬಿ ತುಂಬಿದ ಮೇಲೂ ಹನುಮಕ್ಕ ಅಲ್ಲೇ ನಿಂತು ಎಲ್ಲರಿಗೂ ಹೇಳಿದಳು. ಹೇಳುತ್ತಾ ಹೇಳುತ್ತಾ ಊರಿನ ಬಸ್ಸು ತಪ್ಪಿತು. ಆಟೋ ಹಿಡಿದು ಮನೆ ಸೇರಿದವಳು ಕಾಲು ತೊಳೆದವಳೇ ಮಸಾಲೆ ರುಬ್ಬಲು ಕೂತಳು.

ಮಧ್ಯಾಹ್ನ ಅಳಿಯ ಎರಡನೇ ಮುದ್ದೆಗೆ ಕೈಯೊಡ್ಡಿದ. ಸಂಜೀವಯ್ಯ ನಲ್ಲಿಮೂಳೆಯನ್ನು ತಟ್ಟೆಗೆ ಕುಟ್ಟಿ ಹೀರುತ್ತಾ, ತಲೆ ಎತ್ತದೆ, “ಬೆಣ್ಣೆ ಆಗೈತೆ ಕಣೇ,” ಎಂದ.

ಹನುಮಕ್ಕ ಬಡಿಸುವ ಸೌಟು ಹಿಡಿದುಕೊಂಡೇ ಅಂಗಡಿಯ ಕತೆಯನ್ನು ಮೂರನೇ ಸಲ ಶುರುಮಾಡಿದಳು. ಮುಂದಿನ ಭಾನುವಾರ ಮಗಳನ್ನೂ ನಿಯಾಜರ ಅಂಗಡಿಗೆ ಕರೆದುಕೊಂಡು ಹೋಗುವುದೆಂದು ಆ ಊಟದ ನಡುವೆಯೇ ತೀರ್ಮಾನವಾಯಿತು.