ಭರಣಿಯ ಪಾಳಿ

ಫಾಲ್ಗುಣ ಹತ್ತಿರ ಬಂತೆಂದರೆ ಶಿರಸಿ ಪೇಟೆಯಲ್ಲಿ ಮಾವಿನ ಮಿಡಿ ಮಾರುವವರು ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಒಂದು ಮಿಡಿ ಎತ್ತಿ ತೊಟ್ಟು ಮುರಿದು ಮೂಸಿದರೆ ಸೊನೆಯ ಘಾಟು ಮೂಗಿಗೇರುತ್ತದೆ. ಉಳಿದ ಹೆಂಗಸರಿಗೆ ಆ ವಾಸನೆಗೆ ತವರುಮನೆ ನೆನಪಾಗುತ್ತದಂತೆ. ನನಗೆ ಕಾಲೇಜು ನೆನಪಾಗುತ್ತದೆ. ಕಪ್ಪು ಹಲಗೆಯ ಪಕ್ಕ ಒಂದು ಮೇಜು, ಅದರ ಮೇಲೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಭರಣಿ, ಗೋಡೆಗೆ ಅಂಟಿಸಿದ ಪಾಳಿಯ ಪಟ್ಟಿ.

ನಾನು ಮೂರು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ್ದೇನೆ ಎಂದರೆ ಈಗಿನ ನೆರೆಹೊರೆಯವರು ನಂಬುವುದು ಕಷ್ಟ. ಮದುವೆಗೆ ಮೊದಲು ಎಂ.ಕಾಂ. ಮುಗಿಸಿದ್ದೆ. ಆಮೇಲೆ ಆ ಸರ್ಟಿಫಿಕೇಟು ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಯ ಕೆಳಗೆ ಮಲಗಿತ್ತು. ಸಣ್ಣ ಮಗಳು ಶಾಲೆಗೆ ಹೋಗತೊಡಗಿದ ವರ್ಷ ಶಿರಸಿಯ ಒಂದು ಕಾಲೇಜಿನಲ್ಲಿ ಕೃಷಿ ವ್ಯವಹಾರದ ತರಗತಿ ಶುರುವಾಯಿತು. ಆ ಮಕ್ಕಳಿಗೆ ನಿರ್ವಹಣೆಯ ಮೂಲತತ್ವ ಕಲಿಸಲು ವಾರಕ್ಕೆ ಮೂರು ದಿನ ಬರುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿದ್ದರು. ನಮ್ಮ ಮನೆ ಸಿದ್ದಾಪುರದ ಹತ್ತಿರ. ಬೆಳಗ್ಗೆ ಹೂವು ಕೊಯ್ಯಬೇಕು, ದೇವರ ಪೂಜೆಗೆ ಅಣಿ ಮಾಡಬೇಕು, ಅಡುಗೆಯಾಗಬೇಕು, ಆಮೇಲೆ ಬಸ್ಸು. ನಾನು ಹಿಂದೆಮುಂದೆ ನೋಡುತ್ತಿದ್ದೆ. ಅತ್ತೆ ಎಲೆ ಅಡಿಕೆಯ ಕವಳ ಹಾಕಿಕೊಳ್ಳುತ್ತ ಹೇಳಿದರು:

"ಹೋಗೇ. ಓದಿದ್ದನ್ನ ಪೆಟ್ಟಿಗೆಯೊಳಗೆ ಇಟ್ರೆ ಗೆದ್ದಲು ತಿಂತು. ಬೆಳಗಿನ ಅಡುಗೆ ಆನು ಮಾಡ್ತೆ."

ಅತ್ತೆ ಹಾಗೆ ಹೇಳಿದ್ದು ದೇವರು ಮಾಡಿದ ಮೊದಲ ಉಪಕಾರ. ಮುಂದೆ ಅಂಥವು ಬೇಕಾದಷ್ಟು ಬಂದವು. ಕಿಟಕಿ ಪಕ್ಕದ ಸೀಟು ಸಿಗುವುದು, ನಾನು ಓಡಿ ಬರುವುದು ಕಂಡು ಕಂಡಕ್ಟರು ಅರ್ಧ ನಿಮಿಷ ಸೀಟಿ ಊದದೆ ನಿಲ್ಲುವುದು, ಒದ್ದೆ ಸೀಮೆಸುಣ್ಣ ಹಲಗೆಯ ಮೇಲೆ ಹೇಗೋ ಮೂಡುವುದು. ಸಂಜೆ ಬಸ್ಸಿನಲ್ಲಿ ಕೂತು ಜಪ ಎಣಿಸುವ ಹಾಗೆ ಬೆರಳ ಗೆಣ್ಣಿನ ಮೇಲೆ ಆ ದಿನದ ಉಪಕಾರಗಳನ್ನು ಎಣಿಸುವ ಅಭ್ಯಾಸ ಆಗ ಶುರುವಾದದ್ದು.

ಮೊದಲ ತಿಂಗಳು ನಾನು ಕಲಿಸಿದ್ದು ಬರೀ ನೋಟ್ಸು. ಯೋಜನೆ ಎಂದರೇನು, ಸಂಘಟನೆ ಎಂದರೇನು, ನಿರ್ದೇಶನ, ನಿಯಂತ್ರಣ. ನಾನು ಓದುವುದು, ಅವರು ಬರೆಯುವುದು. ಒಂದು ದಿನ ಯಲ್ಲಾಪುರದ ಹುಡುಗನೊಬ್ಬ ಪೆನ್ನು ಕೆಳಗಿಟ್ಟ. ಅವನ ಅಪ್ಪ ಲಾರಿ ಓಡಿಸುವವರು.

"ಮೇಡಂ, ತಪ್ಪು ತಿಳೀಬೇಡಿ. ನಮ್ ಅಬ್ಬಾ ಇಪ್ಪತ್ತು ವರ್ಷದಿಂದ ಲಾರಿ ನಡೆಸ್ತಿದ್ದಾರೆ. ಇದರಲ್ಲಿ ಒಂದು ವ್ಯಾಖ್ಯೆಯೂ ಅವರಿಗೆ ಬರಲ್ಲ."

"ಯಾವ ದಿನ ಯಾವ ಊರಿಗೆ ಲೋಡು ಅಂತ ನಿಮ್ಮನೇಲಿ ಯಾರು ಹೇಳ್ತಾರೆ?" ಎಂದೆ.

"ಅಮ್ಮಿ. ಫೋನೆಲ್ಲ ಅವರ ಹತ್ರಾನೇ ಬರೋದು."

"ಹಾಗಾದ್ರೆ ನಿಮ್ಮಮ್ಮಿ ಮ್ಯಾನೇಜರು. ಅಬ್ಬಾ ಡ್ರೈವರು."

ತರಗತಿಯೆಲ್ಲ ನಕ್ಕಿತು. "ಇದು ಅಬ್ಬಾಗೆ ಹೇಳಿದ್ರೆ ನಂಗೆ ಊಟ ಇಲ್ಲ ಮೇಡಂ," ಎಂದು ಅವನೂ ನಕ್ಕ.

ಅಂದಿನಿಂದ ನಾನು ನೋಟ್ಸು ಮುಚ್ಚಿಟ್ಟು ನನಗೆ ಗೊತ್ತಿದ್ದುದನ್ನೇ ಹೇಳತೊಡಗಿದೆ. ಉಪನಯನದ ಊಟಕ್ಕೆ ಎಷ್ಟು ಎಲೆ ಏಳುತ್ತದೆ ಎಂದು ಹಿಂದಿನ ದಿನ ಕೂತು ಅಂದಾಜು ಹಾಕುವುದು ಯೋಜನೆ. ಪಂಕ್ತಿಯಲ್ಲಿ ಅನ್ನ ಒಬ್ಬರಿಗೆ, ಸಾರು ಒಬ್ಬರಿಗೆ, ತುಪ್ಪ ಕೈ ಗಟ್ಟಿ ಇರುವ ಒಬ್ಬರಿಗೆ ಒಪ್ಪಿಸುವುದು ಸಂಘಟನೆ. ತುದಿಯಲ್ಲಿ ನಿಂತು "ಅಲ್ಲಿ ಸಾರು ಬರ್ಲಿ" ಎನ್ನುವುದು ನಿರ್ದೇಶನ. ಎದ್ದು ಹೋದವರ ಎಲೆಯಲ್ಲಿ ಏನು ಉಳಿದಿದೆ ಎಂದು ನೋಡುತ್ತ ನಡೆಯುವುದು ನಿಯಂತ್ರಣ. ಪರೀಕ್ಷೆಯಲ್ಲಿ ಒಬ್ಬ ಹುಡುಗ ಇದನ್ನೇ ಬರೆದುಬಿಟ್ಟ. ಪುಣ್ಯಕ್ಕೆ ಪತ್ರಿಕೆ ತಿದ್ದಿದವರು ಊಟ ಬಲ್ಲವರಿರಬೇಕು, ಪಾಸಾದ.

ಎರಡನೆಯ ವರ್ಷ ಪ್ರಾಯೋಗಿಕ ಕೆಲಸವೆಂದು ಆರು ಮಕ್ಕಳ ಗುಂಪಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟೆ. ಮಿಡಿ ತರುವುದರಿಂದ ಹಿಡಿದು ಬಾಟಲಿಗೆ ತುಂಬುವ ತನಕ ಎಲ್ಲ ಅವರದೇ. ಗುಂಪಿಗೆ ಆ ಯಲ್ಲಾಪುರದ ಹುಡುಗನೇ ಮುಖಂಡ. ಮಿಡಿ ಆರಿಸುವ ಕೆಲಸ ತ್ಯಾಗಲಿ ಎಂಬ ಊರಿನ ಕಡೆಯ ಒಂದು ಹುಡುಗಿಯದು. ಮಾತು ಕಡಿಮೆ. ಹಣೆಗೆ ದೇವರ ಕುಂಕುಮ, ಜಡೆಗೆ ಮನೆಯ ಹೂವು. ನನ್ನದೇ ಹತ್ತೊಂಬತ್ತನೆಯ ವಯಸ್ಸನ್ನು ನೋಡಿದ ಹಾಗಾಗುತ್ತಿತ್ತು. ಮರದಿಂದ ಬುಟ್ಟಿಯಲ್ಲಿ ಇಳಿಸಿದ ಮಿಡಿಗೂ, ಉದುರಿಸಿ ಹೆಕ್ಕಿದ ಮಿಡಿಗೂ ಇರುವ ವ್ಯತ್ಯಾಸ ಅವಳಿಗೆ ಮುಟ್ಟಿದರೆ ಗೊತ್ತಾಗುತ್ತಿತ್ತು. ಪೆಟ್ಟು ಬಿದ್ದದ್ದು ಒಂದೂ ಒಳಗೆ ಹೋಗಲು ಬಿಡಲಿಲ್ಲ.

ಮಿಡಿಯನ್ನು ಹರಳುಪ್ಪಿನ ಜೊತೆ ಪದರ ಪದರವಾಗಿ ಭರಣಿಗೆ ತುಂಬಿದೆವು. ಇನ್ನು ಉಪ್ಪು ಕರಗಿ ನೀರು ಬಿಟ್ಟು ಮಿಡಿ ಸುಕ್ಕಾಗುವ ತನಕ ದಿನವೂ ಮರದ ಸೌಟಿನಿಂದ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಬೇಕು. ಮೊದಲ ಒಂದು ವಾರ ಅದು ತಪ್ಪಿದರೆ ಮೇಲಿನ ಮಿಡಿ ಉಪ್ಪುನೀರು ಕಾಣದೆ ಬೂಸಲು ಹಿಡಿಯುತ್ತದೆ. ನಾನು ಪಾಳಿಯ ಪಟ್ಟಿ ಬರೆದೆ. ಒಬ್ಬೊಬ್ಬರಿಗೆ ಮೂರು ದಿನ, ಕೈಯಾಡಿಸಿದ ಮೇಲೆ ಸಹಿ. ಗೆರೆ ನೇರವಾಗಿತ್ತು, ಅಕ್ಷರ ದುಂಡಗಿತ್ತು. ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಎರಡನೆಯ ಪಾಳಿ ಆ ಹುಡುಗಿಯದು. ಆ ವಾರ ಮನೆಯ ಕೆಲಸಕ್ಕೆಂದು ರಜೆ ಹಾಕಿ ನಾನು ನಾಲ್ಕು ದಿನ ಕಾಲೇಜಿಗೆ ಹೋಗಿರಲಿಲ್ಲ. ಹೋದ ದಿನ ಭರಣಿಯ ಬಟ್ಟೆ ಬಿಚ್ಚಿದರೆ ಮೇಲೆಲ್ಲ ಬಿಳಿ ಬೂಸಲು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಮೂರು ಮನೆ ಖಾಲಿ. ಹಾಜರಿ ಪುಸ್ತಕದಲ್ಲಿ ಮಾತ್ರ ಮೂರೂ ದಿನ ಅವಳಿದ್ದಾಳೆ.

"ಕಾಲೇಜಿಗೆ ಬಂದೂ ಭರಣಿ ಮುಟ್ಟಲಿಲ್ಲವಾ?" ಎಂದು ಎಲ್ಲರ ಮುಂದೆ ಕೇಳಿದೆ.

ಅವಳು ಎದ್ದು ನಿಂತಳು. "ಇಲ್ಲ ಮೇಡಂ."

"ಯಾಕೆ?"

ಅವಳು ಭರಣಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. "ಮೇಡಂ, ಮಿಡಿ ಆರಿಸಿ ಆರಿಸಿ ಸುಸ್ತಾಗಿರಬೇಕು. ಮೂರು ದಿನ ರೆಸ್ಟು," ಎಂದ ಮುಖಂಡ. ಹಿಂದಿನ ಬೆಂಚಿನಲ್ಲಿ ಯಾರೋ, "ಮಿಡಿ ಕಂಡ್ರೆ ನಿದ್ದೆ ಬತ್ತು ಈ ಕೂಸಿಗೆ," ಎಂದರು. ಎಲ್ಲರೂ ನಕ್ಕರು. ನಾನು ಅವರನ್ನು ಸುಮ್ಮನಿರಿಸಬೇಕಿತ್ತು. ಅದು ಬಿಟ್ಟು ಜವಾಬ್ದಾರಿಯ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದೆ. ಕೆಲಸ ಒಪ್ಪಿಕೊಂಡು ಮಾಡದವರು ಯಾವ ಉದ್ಯಮಕ್ಕೂ ಬೇಡ ಎಂದೆ. ಅವಳ ಕಣ್ಣು ಪೂರ್ತಿ ಹೊತ್ತು ನೆಲ ನೋಡುತ್ತಿತ್ತು.

ಮರುದಿನ ಅವಳು ಬರಲಿಲ್ಲ. ಆ ವಾರ ಪೂರ್ತಿ ಬರಲಿಲ್ಲ.

ಶನಿವಾರ ಸಂಜೆ ಬಸ್ಸಿನಲ್ಲಿ ಉಪಕಾರ ಎಣಿಸಲು ಹೆಬ್ಬೆರಳು ಮೊದಲ ಗೆಣ್ಣಿನ ಮೇಲೆ ಕೂತದ್ದು ಅಲ್ಲಿಂದ ಏಳಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ಸಾರು ಬಾಯಿಗಿಟ್ಟು ನನ್ನ ಮುಖ ನೋಡಿದರು.

"ಎಂತ ಆತೇ ನಿಂಗೆ? ಸಾರಿಗೆ ಉಪ್ಪೇ ಇಲ್ಲೆ."

ಹೇಳಿದೆ. ಭರಣಿ ಕಥೆ, ಬೂಸಲು, ಹುಡುಗಿ ಬಾಯಿ ಬಿಡದ್ದು, ಎಲ್ಲ. ಅತ್ತೆ ಕೇಳಿಸಿಕೊಂಡು, "ಕೂಸು ಎಷ್ಟು ದಿನ ಮುಟ್ಟಲಿಲ್ಲೆ?" ಎಂದರು.

"ಮೂರು ದಿನ."

"ಕಾಲೇಜಿಗೆ ಬಂದಿತ್ತು. ಭರಣಿ ಒಂದೇ ಮುಟ್ಟಲಿಲ್ಲೆ. ಗಂಡುಹುಡುಗ್ರ ಎದುರಿಗೆ ಎಂತಕ್ಕೆ ಹೇಳಿ ಕೇಳಿದ್ರೆ ಬಾಯಿ ಬಿಡಲಿಲ್ಲೆ." ಅತ್ತೆ ಒಂದೊಂದನ್ನೇ ಬೇಳೆ ಆರಿಸುವ ಹಾಗೆ ಆರಿಸಿ ಇಟ್ಟರು. "ಎಂ.ಕಾಂ. ಓದಿದ ಸೊಸೆ ನೀನು. ಹೆಂಗಸಿಗೆ ಮೂರು ದಿನ ಹೇಳಿದ್ರೆ ಎಂತದು ಹೇಳಿ ಗೊತ್ತಿಲ್ಯ?"

ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಮುಟ್ಟಾದವರು ಉಪ್ಪಿನಕಾಯಿ ಭರಣಿ ಮುಟ್ಟಬಾರದು, ಮುಟ್ಟಿದರೆ ಕೆಡುತ್ತದೆ ಎಂದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ನಾನೂ ಹಾಗೆಯೇ ಬೆಳೆದವಳು. ನಮ್ಮ ಮನೆಯಲ್ಲಿ ಮಿಡಿ ಹಾಕಿದ ವಾರ ನನಗೆ ಆ ದಿನಗಳು ಬಂದರೆ ಅಂಗಳದಿಂದಲೇ "ಅತ್ತೆ, ಭರಣಿ" ಎಂದರಾಯಿತು, ಅತ್ತೆ ಬಂದು ಕೈಯಾಡಿಸುತ್ತಿದ್ದರು. ಅಷ್ಟು ವರ್ಷ ಅದು ಎಷ್ಟು ಸಲೀಸಾಗಿ ನಡೆದಿತ್ತೆಂದರೆ, ಅದೂ ಒಂದು ವ್ಯವಸ್ಥೆ ಎಂದು ನನ್ನ ತಲೆಗೇ ಹೋಗಿರಲಿಲ್ಲ. ನನ್ನ ಪಟ್ಟಿಯಲ್ಲಿ ಅತ್ತೆಗೆ ಜಾಗವೇ ಇರಲಿಲ್ಲ. ಭರಣಿ ಕೆಡಬಾರದೆಂದು ಆ ಹುಡುಗಿ ಮುಟ್ಟದೆ ಉಳಿದಳು, ಮುಟ್ಟದ್ದಕ್ಕೇ ಅದು ಕೆಟ್ಟಿತು.

ಆದಿತ್ಯವಾರ ಪೂಜೆ ಮುಗಿಸಿ ಅವಳ ಮನೆಗೆ ಫೋನು ಮಾಡಿದೆ. ಅಪ್ಪ ಎತ್ತಿದರು.

"ಯಂಗೆ ಎಂತ ಗೊತ್ತಿಲ್ಲೆ ಮೇಡಂ. ಕೂಸು ಕಾಲೇಜು ಬ್ಯಾಡ ಹೇಳಿ ಕೂತಿದ್ದು. ಬ್ಯಾಡದಿದ್ರೆ ಬಿಡು ಹೇಳಿದ್ದೆ. ಹೆಂಗೂ ಒಂದು ಜಾತಕ ಬಂದಿದ್ದು."

ನನ್ನ ಹತ್ತು ನಿಮಿಷದ ಭಾಷಣಕ್ಕೆ ಒಂದು ಹುಡುಗಿಯ ಓದು ನಿಲ್ಲುತ್ತಿತ್ತು. ಅಪ್ಪನ ಹತ್ತಿರ ಕಾರಣ ಹೇಳುವ ಹಾಗಿಲ್ಲ. "ತಪ್ಪು ಕೂಸಿಂದಲ್ಲ, ಯನ್ನದು," ಎಂದೆ. "ನಾಳೆ ಒಂದು ದಿನ ಕಳಿಸಿ ಕೊಡಿ. ಮೇಡಂ ಪಟ್ಟಿ ತಿದ್ದಿದ್ದು ಹೇಳಿ ಕೂಸಿಗೆ ತಿಳಿಸಿ, ಅಷ್ಟು ಸಾಕು. ಆಮೇಲೆ ಜಾತಕ ನೋಡಿ."

ಸೋಮವಾರ ಪಾಠ ಶುರುವಾದಾಗ ಅವಳ ಜಾಗ ಖಾಲಿ ಇತ್ತು. ಹಾಜರಿ ಕೂಗಿ ಮುಗಿಸುವ ಹೊತ್ತಿಗೆ ಬಾಗಿಲಲ್ಲಿ ನೆರಳು. ಬಸ್ಸು ತಡವಂತೆ. ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಅವಳ ಕಡೆ ನೋಡದೆ ಹಲಗೆಯ ಕಡೆ ತಿರುಗಿ ಪಾಳಿಯ ಪಟ್ಟಿಯನ್ನು ದೊಡ್ಡದಾಗಿ ಬರೆದೆ.

"ಭರಣಿ ಕೆಟ್ಟದ್ದು ಈ ಪಟ್ಟಿಯಿಂದ," ಎಂದೆ. "ಬರೆದವಳು ನಾನು. ಹೋದ ವಾರ ಬೇರೆಯವರನ್ನು ಬೈದೆ, ಅದೂ ತಪ್ಪು. ಇದರಲ್ಲಿ ಏನಿಲ್ಲ, ಹೇಳಿ ನೋಡುವ."

ಯಲ್ಲಾಪುರದ ಹುಡುಗ ತಲೆ ಕೆರೆದುಕೊಂಡ. "ಸ್ಟೆಪ್ನಿ ಇಲ್ಲ ಮೇಡಂ."

"ಅಂದ್ರೆ?"

"ಒಂದು ಟೈರು ಜಾಸ್ತಿ ಇಟ್ಕೊಳ್ಳೋದು ಮೇಡಂ. ಅಬ್ಬಾ ಸ್ಟೆಪ್ನಿ ಇಲ್ದೆ ಘಟ್ಟ ಇಳಿಯಲ್ಲ. ಇಲ್ಲಿ ಒಬ್ಬರಿಗೆ ಆಗದಿದ್ರೆ ಯಾರು ಅಂತ ಬರೆದೇ ಇಲ್ಲ."

"ಆಗಲ್ಲ ಅಂದವರು ಕಾರಣ ಹೇಳಬೇಕಾ?"

ಅವನು ಸ್ವಲ್ಪ ಯೋಚಿಸಿದ. "ಬೇಡ ಮೇಡಂ. ಮೊಳೆ ಎಲ್ಲಿ ಚುಚ್ಚಿತು ಅಂತ ಘಟ್ಟದಲ್ಲಿ ನಿಂತು ಕೇಳ್ತಾರಾ? ಸ್ಟೆಪ್ನಿ ಹಾಕ್ಕೊಂಡು ಹೋಗ್ತಾ ಇರೋದು." ಹೇಳುತ್ತ ಹೇಳುತ್ತ ಅವನಿಗೆ ಏನೋ ಹೊಳೆದಿರಬೇಕು. ಅವನ ಮನೆಯಲ್ಲೂ ಅಕ್ಕಂದಿರಿದ್ದರು. ಮೆಲ್ಲಗೆ ಕೂತ. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹತ್ತಿರ ಹೋಗಿ, "ರೆಸ್ಟು ಅಂದಿದ್ದು ವಾಪಸ್ ತಗೊಂಡೆ ಮಾರಾಯ್ತಿ," ಎಂದದ್ದು ನನಗೆ ಕೇಳಿಸಿತು. "ನಿನ್ನ ಮಾತು ಯಾರಿಗೆ ಬೇಕಿತ್ತು," ಎಂದಳು ಅವಳು. ದನಿಯಲ್ಲಿ ನಗು ಇತ್ತು. ನನಗೆ ಅಷ್ಟೇ ಸಾಕಾಯಿತು.

ಪಟ್ಟಿಗೆ ಕೊನೆಯಲ್ಲಿ ಒಂದು ಕಾಲಂ ಸೇರಿತು. ಹೆಸರು ಸ್ಟೆಪ್ನಿ. ಪಾಳಿಯವರಿಗೆ ಆಗದಿದ್ದರೆ ಅಲ್ಲಿ ಒಂದು ಗೆರೆ ಎಳೆಯುವುದು, ಗೆರೆ ಕಂಡವರು ಕೈಯಾಡಿಸಿ ಸಹಿ ಹಾಕುವುದು, ಕಾರಣ ಯಾರೂ ಕೇಳುವುದಿಲ್ಲ. ಭರಣಿಯ ಮೇಲಿನ ಎರಡು ಪದರ ಹೊರಗೆ ಹೋಯಿತು. ಕೆಳಗಿನದು ಉಪ್ಪುನೀರಿನಲ್ಲಿ ಮುಳುಗಿ ಗಟ್ಟಿಯಾಗಿಯೇ ಇತ್ತು, ದೇವರು ದೊಡ್ಡವನು. ಅದನ್ನು ಬೇರೆ ಭರಣಿಗೆ ಹೊಸ ಉಪ್ಪಿನಲ್ಲಿ ಹಾಕಿ, ಸಾಸಿವೆ ಮೆಣಸು ಅರೆದು ಕೂಡಿಸಿ, ಬಾಟಲಿಗೆ ತುಂಬುವ ದಿನ ಎಲ್ಲರೂ ಮನೆಯಿಂದ ಮೊಸರನ್ನ ತಂದು ತರಗತಿಯಲ್ಲೇ ಉಂಡೆವು. ಅಂದಾಜು ಹಾಕಿದ್ದಕ್ಕಿಂತ ಬಾಟಲಿ ಐದು ಕಡಿಮೆ ಬಂತು. ಆ ಹುಡುಗಿ ಪದವಿ ಮುಗಿಸಿದಳು. ಜಾತಕ ಕಾದಿತ್ತೋ, ಬೇರೆ ಬಂತೋ, ನಾನು ಕೇಳಲಿಲ್ಲ.

ಮರುವರ್ಷ ಅತ್ತೆ ಕಾಲು ಮುರಿದುಕೊಂಡು ಮಲಗಿದರು. ನಾನು ಕಾಲೇಜು ಬಿಟ್ಟೆ. ಅಷ್ಟು ದಿನ ನನ್ನ ಪಾಳಿ ಹೊತ್ತವರು ಅವರು. ಈಗ ನನ್ನ ಸರದಿ ಎಂದುಕೊಂಡೆ. ಅವರು ಹೋಗಿಯೂ ಕೆಲವು ವರ್ಷವಾಯಿತು. ಮಿಡಿ ಹಾಕಿದಾಗಲೆಲ್ಲ ಅಂಗಳದ ಕಡೆ ಒಮ್ಮೆ ನೋಡುತ್ತೇನೆ.

ಹೋದ ಬೇಸಿಗೆ ನಮ್ಮ ಸಿದ್ದಾಪುರದ ಕಡೆಯ ಬಿಳಗಿಗೆ ಒಂದು ಉಪನಯನಕ್ಕೆ ಹೋಗಿದ್ದೆ. ಊಟವಾಗಿ ರಸ್ತೆಗೆ ಬಂದ ಮೇಲೆ ಯಾರೋ ಹಿಂದಿನಿಂದ "ಮೇಡಂ" ಎಂದರು. ಅವಳೇ. ಅಲ್ಲಿಗೇ ಮದುವೆಯಾಗಿದೆಯಂತೆ. ಮನೆ ಪಕ್ಕದ ಶೆಡ್ಡಿನಲ್ಲಿ ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು ಉಪ್ಪಿನಕಾಯಿ ಮಾಡುತ್ತಾಳೆ. ಒತ್ತಾಯ ಮಾಡಿ ಕರೆದುಕೊಂಡು ಹೋದಳು. ಸಾಲಾಗಿ ಭರಣಿಗಳು, ಗೋಡೆಯ ಮೇಲೆ ಪಟ್ಟಿ, ಪಟ್ಟಿಯ ತುದಿಯಲ್ಲಿ ಕೆಂಪು ಶಾಯಿಯ ಸ್ಟೆಪ್ನಿ.

"ಇದೆಂಥದು?" ಎಂದು ಗೊತ್ತಿಲ್ಲದವಳ ಹಾಗೆ, ಕೆಲಸ ಮುಗಿಸಿ ಊಟದ ಮನೆಗೆ ಹೊರಟಿದ್ದ ಹೆಂಗಸನ್ನು ಕೇಳಿದೆ.

"ಯಾರಿಗಾದ್ರೂ ಆಗದಿದ್ರೆ ಅಲ್ಲಿ ಗೆರೆ ಎಳೀತೇವೆ ಅಕ್ಕ. ಕಾರಣ ಕೇಳಂಗಿಲ್ಲ, ಅಷ್ಟೇ ರೂಲು," ಎಂದು ಅವಳು ಹೊರಟುಹೋದಳು.

ಆ ದಿನದ ಪಾಳಿ ನನ್ನ ಹುಡುಗಿಯದೇ. ಅವಳ ಹೆಸರಿನ ಮುಂದೆ ಗೆರೆ ಇತ್ತು. ನನ್ನ ಹುಡುಗಿ ಹೊಸ್ತಿಲಾಚೆ ನಿಂತು ಮರದ ಸೌಟಿನ ಕಡೆ ತೋರಿಸಿದಳು.

"ಉಳಿದವ್ವೆಲ್ಲ ಊಟದ ಮನೇಲಿದ್ದ. ನೀವು ಒಂದು ಸಲ ಕೈಯಾಡಿಸ್ತ್ರಾ ಮೇಡಂ?"

ಸೀರೆಯ ಸೆರಗು ಸಿಕ್ಕಿಸಿ, ಕೈ ತೊಳೆದು ಒರೆಸಿಕೊಂಡು, ಮೇಲಿನ ಮಿಡಿಯನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿದೆ. ಆಮೇಲೆ ಪಟ್ಟಿಯ ಕೊನೆಯ ಕಾಲಂನಲ್ಲಿ ನನ್ನ ಸಹಿ ಹಾಕಿದೆ.